ಪಕ್ಕದ ಸೀಟಿನವಳು

ನನ್ನ ಅಣ್ಣನ ಮಗಳಿಗೆ ಮನೆಯವರೆಲ್ಲ ಕೊಟ್ಟ ಬಿರುದು ‘ಬಾಯಿಲ್ಲದ ಹುಡುಗಿ’. ಬೈಗುಳವಲ್ಲ, ಹೊಗಳಿಕೆ. ಅಣ್ಣ ಬಸ್ ಡ್ರೈವರ್. ಸ್ಟೇರಿಂಗ್ ಹಿಡಿದವನ ಪಕ್ಕ ಕೂತವರು ಉಸಿರೆತ್ತಬಾರದು ಎಂಬುದು ಅವನ ಕಾನೂನು; ಬಸ್ಸಿಗೆ ಮಾತ್ರವಲ್ಲ, ಮನೆಗೂ. ಒಮ್ಮೆ ಉಬ್ಬಸದಿಂದ ಒದ್ದಾಡುತ್ತಿದ್ದ ನಮ್ಮಮ್ಮನನ್ನು ಬಾಡಿಗೆ ಕಾರಿನಲ್ಲಿ ತಾನೇ ಓಡಿಸಿಕೊಂಡು ಆಸ್ಪತ್ರೆಗೆ ಕರೆದೊಯ್ಯುವಾಗ ದಾರಿ ತಪ್ಪಿದ. ಮುಂದೆ ಕೂತಿದ್ದ ಪುಟ್ಟ ಹುಡುಗಿ, “ಅಪ್ಪ, ಆಸ್ಪತ್ರೆ ಬೋರ್ಡು ಆ ಕಡೆ ಇತ್ತು” ಎಂದಳು. ಹೇಳಿದ್ದು ಸರಿಯೇ. ಕೆನ್ನೆಗೆ ಬಿತ್ತು. ಊರೆಲ್ಲ ಸುತ್ತಿ ಅದೇ ಬೋರ್ಡಿನ ಕೆಳಗೆ ಬಂದು ನಿಂತಾಗ ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ.

ಅಂಥವಳು ಪೈಲಟ್ ಆಗುತ್ತೇನೆಂದಾಗ ಅಣ್ಣ ಎದೆಯುಬ್ಬಿಸಿ ಒಪ್ಪಿದ. ಡ್ರೈವರನ ಮಗಳಲ್ಲವೇ, ರಕ್ತದಲ್ಲೇ ಬಂದಿದೆ ಎಂದು ಕೊಚ್ಚಿಕೊಂಡ. ಅವಳು ಯಾವುದರಲ್ಲೂ ಹಿಂದೆ ಬೀಳಲಿಲ್ಲ. ಕಣ್ಣು, ಕಿವಿ, ಹೃದಯದ ತಪಾಸಣೆ ಪಾಸು. ಗಾಳಿಯ ದಿಕ್ಕು, ಮೋಡದ ಬಗೆ, ಇಂಧನದ ಲೆಕ್ಕ ಎಲ್ಲ ನೀರು ಕುಡಿದಷ್ಟು ಸಲೀಸು. ಚಿಕ್ಕ ವಿಮಾನವನ್ನು ಒಬ್ಬಳೇ ಹಾರಿಸಿ, ಇಳಿಸಿ ಲೈಸೆನ್ಸ್ ತಂದಳು. ಒಬ್ಬಳೇ ಇದ್ದಾಗ ಅವಳಿಗೆ ಯಾವ ತೊಂದರೆಯೂ ಇರಲಿಲ್ಲ.

ಉಳಿದದ್ದು ವಿಮಾನ ಕಂಪನಿಯ ಕೊನೆಯ ಪರೀಕ್ಷೆ. ಗೆದ್ದರೆ ಪ್ರಯಾಣಿಕರ ವಿಮಾನದಲ್ಲಿ ಸಹಪೈಲಟ್ ಕೆಲಸ, ಸೋತರೆ ಕಲಿತದ್ದೆಲ್ಲ ನೀರಿನಲ್ಲಿ ಹೋಮ. ಅಲ್ಲಿ ನಡೆದದ್ದನ್ನು ಅವಳೇ ನನಗೆ ಹೇಳಿದಳು. ಸಿಮ್ಯುಲೇಟರ್ ಎಂದರೆ ನಿಂತಲ್ಲೇ ಅಲುಗಾಡುವ ನಕಲಿ ಕಾಕ್‌ಪಿಟ್. ಗಾಜಿನಾಚೆ ಪರದೆಯ ಮೇಲೆ ಮಂಜು. ಕ್ಯಾಪ್ಟನ್ ಸೀಟಿನಲ್ಲಿ ನರೆಗೂದಲಿನ ಪರೀಕ್ಷಕರು, ಪಕ್ಕದ ಸಹಪೈಲಟ್ ಸೀಟಿನಲ್ಲಿ ಇವಳು. ಇಂತಿಷ್ಟು ಎತ್ತರಕ್ಕೆ ಇಳಿದರೂ ರನ್‌ವೇ ಕಾಣದಿದ್ದರೆ ಮತ್ತೆ ಮೇಲೇರಬೇಕು, ಅದು ನಿಯಮ. ಅವರು ಬೇಕೆಂದೇ ಆ ಎತ್ತರಕ್ಕಿಂತಲೂ ಕೆಳಗೆ ಇಳಿಸುತ್ತ ಹೋದರು. “ಸರ್...” ಎಂದಳು. ಅವರು ಇತ್ತ ತಿರುಗದೆ ಕೈ ಎತ್ತಿ ಸುಮ್ಮನಿರಿಸಿದರು. ಇವಳು ಸುಮ್ಮನಾದಳು. ಪರದೆಯಲ್ಲಿ ನೆಲ ಬಂದು ಬಡಿಯಿತು.

“ಎತ್ತರ ನೋಡಿದ್ರಾ?” ಎಂದು ಪರೀಕ್ಷಕರು ಕೇಳಿದರು.

“ನೋಡಿದೆ ಸರ್.”

“ಮತ್ತೆ ಯಾಕಮ್ಮ ಹೇಳ್ಲಿಲ್ಲ?”

“ನೀವು ದೊಡ್ಡವರು ಸರ್. ನಿಮಗೆ ಗೊತ್ತಿರುತ್ತೆ ಅಂತ...”

“ನಾನು ತಪ್ಪಿದಾಗ ಹೇಳೋಕೇ ಆ ಸೀಟು ಇರೋದು. ಹಾರಿಸೋದನ್ನ ಕಲಿಸಬಹುದು. ಇದನ್ನ ನಾನೆಲ್ಲಿಂದ ಕಲಿಸ್ಲಿ?”

ಅವರ ಮೇಲೆ ನನಗೆ ಸಿಟ್ಟಿಲ್ಲ. ಮೈಯೆಲ್ಲ ಉರಿದದ್ದು ಅಂದು ಸಂಜೆ ಅಣ್ಣನ ಮನೆಯಲ್ಲಿ, ಅವನ ಕೂಗಾಟ ಕೇಳಿದಾಗ.

“ಕಣ್ಣೆದುರಿಗೇ ತಪ್ಪು ನಡೀತಿದ್ರೆ ಬಾಯಲ್ಲಿ ಏನು ಇಟ್ಕೊಂಡಿದ್ದೆ? ಗಟ್ಟಿಯಾಗಿ ಹೇಳೋಕೆ ಏನಾಗಿತ್ತು?”

“ಅಪ್ಪ, ನೀನೇ ಅಲ್ವಾ...” ಎಂದು ಅವಳು ತಲೆ ಎತ್ತಿದಳು.

“ಎದುರುತ್ತರ ಕೊಡ್ತೀಯಾ?”

ಎತ್ತಿದ ತಲೆ ತಗ್ಗಿತು. ನಾನು ತಗ್ಗಲಿಲ್ಲ. “ಅವಳನ್ನ ಫೇಲ್ ಮಾಡಿದ್ದು ಆ ಸಾಹೇಬ್ರಲ್ಲ, ನೀನು ಕಣಣ್ಣ” ಎಂದೆ. ಅವನು ಬಾಗಿಲು ತೋರಿಸಿದ. ಅಂದಿನಿಂದ ಆ ಮನೆಯ ಹೊಸ್ತಿಲು ತುಳಿದಿಲ್ಲ.

ಅವಳೀಗ ವಿಮಾನ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ವಿಮಾನ ಯಾವ ಗೇಟಿಗೆ ಎಂದು ಬೇರೆಯವರು ಬರೆದುಕೊಟ್ಟದ್ದನ್ನು ಓದುತ್ತಾಳೆ. ಒಂದಕ್ಷರ ತಪ್ಪುವುದಿಲ್ಲ, ಒಂದಕ್ಷರ ಹೆಚ್ಚೂ ಆಡುವುದಿಲ್ಲ. ಅಣ್ಣ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಾನಂತೆ: “ನನ್ನ ಮಗಳು ಬಾಯಿ ಬಿಟ್ರೆ ಇಡೀ ಏರ್‌ಪೋರ್ಟೇ ಕೇಳುತ್ತೆ.”