ಬೆಳಗಿನ ಐದು ಗಂಟೆಯ ಫೋನು

ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳನ್ನೇ ನಾನು ಯಾವತ್ತೂ ಬೆಳಿಗ್ಗೆ ಐದಕ್ಕೆ ಎಬ್ಬಿಸಿದವಳಲ್ಲ. ಅಂಥವಳಿಗೆ ಶಾಲೆಯಲ್ಲಿ ನಾಲ್ಕು ಮಕ್ಕಳನ್ನು ದತ್ತು ಕೊಟ್ಟರು. ತೊಟ್ಟಿಲು ಕಟ್ಟುವ ದತ್ತಲ್ಲ. ಹತ್ತನೇ ಕ್ಲಾಸಿನಲ್ಲಿ ಫೇಲಾಗುವ ಲಕ್ಷಣ ಇರುವ ಮಕ್ಕಳನ್ನು ಶಿಕ್ಷಕರಿಗೆ ಹಂಚುವುದಕ್ಕೆ ಈಗ ಆ ಹೆಸರು. ದತ್ತು ತೆಗೆದುಕೊಂಡವರು ದಿನಾ ಐದು ಗಂಟೆಗೆ ಮಗುವಿನ ಮನೆಗೆ ಫೋನು ಮಾಡಿ ಓದಲು ಎಬ್ಬಿಸಬೇಕು, ಎಬ್ಬಿಸಿದ್ದೇನೆ ಎಂದು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಬೇಕು. ನಾನು ಎದ್ದೆನೋ ಇಲ್ಲವೋ ಎಂದು ಕೇಳುವ ಕಾಲಂ ಅದರಲ್ಲಿ ಇರಲಿಲ್ಲ.

ನನ್ನ ಮನೆ ಸೊರಬದಲ್ಲಿ, ನಾನು ವಿಜ್ಞಾನ ಹೇಳಿಕೊಡುವ ಶಾಲೆ ಶಿಕಾರಿಪುರ ತಾಲ್ಲೂಕಿನಲ್ಲಿ. ನಾಲ್ವರಲ್ಲಿ ಮೂವರು ಹೇಗೋ ದಡ ಸೇರುವ ಪೈಕಿ. ನಾಲ್ಕನೆಯವಳು ಅಂಜನಾಪುರದ ಆಚೆ ಕುರಿ ಸಾಕುವ ಮನೆಯ ಹುಡುಗಿ. ಉಳಿದ ವಿಷಯಗಳಲ್ಲಿ ತೇಲುತ್ತಿದ್ದಳು, ನನ್ನ ವಿಷಯದಲ್ಲಿ ಮಾತ್ರ ಮುಳುಗುತ್ತಿದ್ದಳು. ಅವಳಿಗೆ ಪಶುಸಂಗೋಪನೆಯ ಡಿಪ್ಲೊಮಾ ಸೇರುವ ಆಸೆ. ಹತ್ತನೇ ಕ್ಲಾಸು ಪಾಸಾಗದೆ ಅದಕ್ಕೆ ಅರ್ಜಿಯನ್ನೂ ಹಾಕುವಂತಿಲ್ಲ. ಹಾಗಾಗಿ ಆ ವರ್ಷ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಈ ಹುಡುಗಿ ವಿಜ್ಞಾನದಲ್ಲಿ ಪಾಸಾಗಬೇಕು.

ಪಾಸು ಎಂದರೆ ಎಷ್ಟು ಎಂಬುದೇ ನಿಂತ ಕಡೆ ನಿಲ್ಲುತ್ತಿರಲಿಲ್ಲ ಅನ್ನಿ. ಒಂದು ವರ್ಷ ಕೃಪಾಂಕ ಕೊಟ್ಟರು, ಆಮೇಲೆ ಕಿತ್ತುಕೊಂಡರು. ಒಂದಿದ್ದ ಪರೀಕ್ಷೆ ಮೂರಾಯಿತು. ಕೋಣೆಗೆ ಕ್ಯಾಮೆರಾ ಬಂತು, ಪಾಸಿನ ಗೆರೆ ಕೆಳಗೆ ಇಳಿಯಿತು. ನಮ್ಮ ಪಾಠವೂ ಅದರ ಹಿಂದೆಯೇ ಸಣಕಲಾಗುತ್ತಾ ಹೋಗಿ, ಎರಡು ಭಾಗದ ದಪ್ಪ ಪುಸ್ತಕ ಕೊನೆಗೆ ‘ಪಾಸಿಂಗ್ ಪ್ಯಾಕೇಜ್’ ಎಂಬ ತೆಳ್ಳನೆಯ ಪುಸ್ತಿಕೆಯಾಗಿ ಉಳಿಯಿತು. ಬಂದೇ ಬರುವ ಪ್ರಶ್ನೆ, ಬರೆದೇ ಬರೆಯಬೇಕಾದ ಉತ್ತರ, ಐದು ಚಿತ್ರ. ಹೃದಯದ ಚಿತ್ರವನ್ನು ಮಕ್ಕಳು ಎಷ್ಟು ಸಲ ಬರೆದರೆಂದರೆ ಶಾಲೆಯ ನೀರಿನ ಟ್ಯಾಂಕಿನ ಮೇಲೂ ಒಂದು ಇತ್ತು, ಭಾಗಗಳನ್ನು ಗುರುತಿಸಿ. ನಾನು ಬೈಯಲಿಲ್ಲ. ಗುರುತಿಸಿದ್ದು ಸರಿಯಾಗಿತ್ತು.

ಒಂದು ದಿನ ಆ ಚಿತ್ರ ಬರೆಸುವಾಗ ಈ ಹುಡುಗಿ ಎದ್ದು ನಿಂತು, ಕುರಿಗೂ ಹೀಗೇ ಇರುತ್ತದೆಯೇ ಎಂದು ಕೇಳಿದಳು. ‘ಅದು ಪರೀಕ್ಷೆಗೆ ಬರಲ್ಲ, ಕೂತ್ಕೋ’ ಎಂದೆ. ಆ ಮಾತು ನನಗೆ ಎಷ್ಟು ಅಭ್ಯಾಸವಾಗಿತ್ತು ಎಂದರೆ ಮನೆಯಲ್ಲಿ ಯಜಮಾನರು ಉಪ್ಪಿನಕಾಯಿ ಎಲ್ಲಿದೆ ಎಂದರೂ ಅದೇ ಬರುತ್ತಿತ್ತು.

ಫೋನು ಶುರುವಾಯಿತು. ಮೊದಲ ದಿನವೇ ಎರಡನೇ ರಿಂಗಿಗೆ ಎತ್ತಿದಳು. ದನಿ ಗೊರಗೊರ ಅನ್ನುತ್ತಿತ್ತು. ಏನಾಯಿತೇ ಎಂದರೆ ಶೀತ ಆಗೈತ್ರಿ ಎಂದಳು. ಎದ್ದಿರುವುದು ಖಾತ್ರಿಯಾಗಲಿ ಎಂದು ಒಂದು ಪ್ರಶ್ನೆ ಕೇಳಿದೆ. ಪಟ್ಟನೆ ಉತ್ತರ ಬಂತು. ದಿನ ಕಳೆದಂತೆ ಹೃದಯ, ಮೂತ್ರಪಿಂಡದ ನೆಫ್ರಾನ್, ಹೂವಿನ ಭಾಗಗಳು, ಏನು ಕೇಳಿದರೂ ನೀರು ಕುಡಿದ ಹಾಗೆ ಹೇಳಿದಳು. ನಾನು ಹಿಗ್ಗಿ ಹೀರೇಕಾಯಿಯಾದೆ. ಆದರೆ ಅದೇ ಹುಡುಗಿ ಹತ್ತು ಗಂಟೆಗೆ ಕ್ಲಾಸಿಗೆ ಬಂದರೆ ಅರ್ಧಕ್ಕರ್ಧ ಮರೆತಿರುತ್ತಿದ್ದಳು. ಬಸ್ಸಿನ ಕುಲುಕಾಟಕ್ಕೆ ವಿದ್ಯೆ ಚೆಲ್ಲಿ ಹೋಗುತ್ತದೇನೋ ಎಂದು ನನಗೆ ಅನುಮಾನ. ನೆನಪಿಗೆ ಒಂದೆಲಗದ ಚಟ್ನಿ, ಶೀತಕ್ಕೆ ಮೆಣಸಿನ ಕಷಾಯ ಹೇಳಿದೆ. ನನಗೆಲ್ಲಿ ಶೀತ ಎಂಬಂತೆ ಅವಳು ನನ್ನನ್ನು ನೋಡಿದಳು. ಆ ಶೀತ ಒಂದೂವರೆ ತಿಂಗಳು ಬಿಡಲಿಲ್ಲ, ನನ್ನ ತಲೆಗೂ ಏನೂ ಹೊಳೆಯಲಿಲ್ಲ. ಇಂಥವಳು ವಿಜ್ಞಾನದ ಟೀಚರು.

ಅಷ್ಟರಲ್ಲಿ ಮನೆ ಭೇಟಿ ಮಾಡಬೇಕೆಂದು ಆದೇಶ ಬಂತು, ಅದೂ ಮುಂಜಾನೆ, ಹೇಳದೆ ಕೇಳದೆ. ಯಜಮಾನರು ಗೊಣಗುತ್ತಲೇ ಬೈಕಿನಲ್ಲಿ ಕರೆದುಕೊಂಡು ಹೋದರು. ನೀರಿನ ಚಾನಲ್ ಪಕ್ಕದಲ್ಲಿ ಮನೆ. ಅಂಗಳದ ದೀಪದ ಕೆಳಗೆ ಹುಡುಗಿಯ ಅಜ್ಜಿ ಮರಿಗಳನ್ನು ತಾಯಿಕುರಿಗಳ ಹತ್ತಿರ ಹಾಲಿಗೆ ಬಿಡುತ್ತಿದ್ದರು. ಬೇಲಿಯ ಈಚೆ ನಿಂತು ಪದ್ಧತಿಯ ಪ್ರಕಾರ ಫೋನು ಮಾಡಿದೆ. ಅಜ್ಜಿಯ ಸೊಂಟದಲ್ಲಿ ರಿಂಗಾಯಿತು. ಅವರು ಮರಿಯನ್ನು ಕಂಕುಳಿಗೆ ಇರುಕಿಕೊಂಡು, ಗಂಟಲು ಸರಿಮಾಡಿಕೊಂಡು, ಹದಿನೈದು ವರ್ಷದ ದನಿ ತೆಗೆದು ‘ಎದ್ದೀನ್ರಿ ಮೇಡಂ’ ಅಂದರು.

ನಾನು ಹೃದಯದ ಕೋಣೆಗಳನ್ನು ಕೇಳಿದೆ. ‘ಬಲ ಹೃತ್ಕರ್ಣ, ಬಲ ಹೃತ್ಕುಕ್ಷಿ, ಎಡ ಹೃತ್ಕರ್ಣ, ಎಡ ಹೃತ್ಕುಕ್ಷಿ’ ಎಂದು ಮರಿಯ ಬೆನ್ನು ಸವರುತ್ತಾ ಹೇಳಿದರು. ಯಜಮಾನರು ಬಾಯಿಗೆ ಮಫ್ಲರ್ ಒತ್ತಿಕೊಂಡು ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು.

‘ಅಜ್ಜಿ, ಸ್ವಲ್ಪ ಹಿಂದೆ ತಿರುಗ್ರಿ’ ಎಂದೆ.

ತಿರುಗಿದರು. ಒಂದಿಷ್ಟೂ ನಾಚಿಕೆ ಇಲ್ಲ. ಮೊಮ್ಮಗಳು ದಿನಾ ಸಂಜೆ ರೊಟ್ಟಿ ಬಡಿಯುವ ಹೊತ್ತಿಗೆ ಪುಸ್ತಿಕೆಯನ್ನು ಗಟ್ಟಿಯಾಗಿ ಓದುತ್ತಾಳಂತೆ, ಕೇಳಿ ಕೇಳಿ ಇವರಿಗೆ ಬಾಯಿಗೆ ಬಂತಂತೆ. ಓದು ಬಾರದವರು, ಆದರೆ ನೂರು ಕುರಿಯಲ್ಲಿ ಯಾವ ಮರಿ ಯಾವ ತಾಯಿಯದು ಎಂದು ಹೇಳುವವರು.

‘ಕೂಸು ಮಲಗೈತ್ರಿ, ಎಬ್ಬಿಸಾಕ ಮನಸು ಬರಲಿಲ್ಲ. ನಿಮಗ ಉತ್ತರ ಸಿಕ್ರ ಸಾಕಲ್ಲೇನ್ರಿ? ಯಾರು ಹೇಳಿದ್ರೇನು?’

ಹುಡುಗಿ ಕಂಬಳಿ ಹೊದ್ದುಕೊಂಡೇ ಹೊರಗೆ ಬಂದು, ನನ್ನನ್ನು ಕಂಡು ಕಂಬಕ್ಕೆ ಅಂಟಿ ನಿಂತಳು. ಅಜ್ಜಿ ಬಿಡಲಿಲ್ಲ. ಇಷ್ಟು ದಿನ ಹೇಳಿದ್ದೇ ಆಯಿತು, ಈ ಹೃತ್ಕುಕ್ಷಿ ಅನ್ನುವುದು ಮಾಡುವುದಾದರೂ ಏನು ಎಂದು ನನ್ನನ್ನೇ ಕೇಳಿದರು. ನಾನು ಹುಡುಗಿಯ ಕಡೆ ನೋಡಿದೆ. ಅವಳು ನೆಲ ನೋಡಿದಳು. ನನ್ನ ಬಾಯಿಂದ ತಾನಾಗಿ ಬಂತು: ‘ಅದು ಪರೀಕ್ಷೆಗೆ ಬರಲ್ಲ ಅಜ್ಜಿ.’

ಹೇಳಿ ಮುಗಿಸುವಷ್ಟರಲ್ಲಿ ನಾಚಿಕೆಯಾಯಿತು. ಅಜ್ಜಿಯನ್ನು ಬೈಯಲು ಬಂದವಳು ನಾನು. ನನ್ನ ಇಡೀ ಕ್ಲಾಸೇ ಅಜ್ಜಿಯ ಹಾಗೆ ಒಪ್ಪಿಸುತ್ತಿತ್ತು, ಒಪ್ಪಿಸಲು ಕಲಿಸಿದವಳೂ ನಾನೇ.

ಅಂಗಳದ ಕಲ್ಲಿನ ಮೇಲೆ ಕೂತೆ. ಎದುರಿಗೇ ಕುರಿ ದೊಡ್ಡಿ ಇತ್ತು, ಒಳಕ್ಕೆ ಮಾತ್ರ ತೆರೆಯುವ ಅದರ ತಡಿಕೆ ಬಾಗಿಲು ಇತ್ತು. ಒಳಗೆ ಹೋದ ಕುರಿ ಅದೇ ಬಾಗಿಲಲ್ಲಿ ವಾಪಸು ಬರುವಂತಿಲ್ಲ, ರಕ್ತವೂ ಹಾಗೆಯೇ, ಹೃತ್ಕರ್ಣದಿಂದ ಇಳಿದದ್ದನ್ನು ಹೃತ್ಕುಕ್ಷಿ ಹಿಂಡಿ ಮುಂದಕ್ಕೆ ನೂಕುತ್ತದೆ ಎಂದು ತೋರಿಸಿದೆ. ಹುಡುಗಿ ಕಂಬ ಬಿಟ್ಟು ಹತ್ತಿರ ಬಂದಳು.

‘ಹಂಗಾದ್ರ ಕುರಿಗೂ ಹಿಂಗೇ ಏನ್ರಿ ಮೇಡಂ?’

‘ಹೂಂ ಕಣೇ, ಹಿಂಗೇ’ ಎಂದೆ. ನಾಲ್ಕು ತಿಂಗಳು ತಡವಾಗಿ.

ಅಲ್ಲಿಂದ ಪರೀಕ್ಷೆಯ ತನಕ ಸಂಜೆ ಬಸ್ಸು ಬರುವವರೆಗೆ ಅವಳಿಗೆ ಕುರಿಯ ಲೆಕ್ಕದಲ್ಲೇ ಪಾಠ ನಡೆಯಿತು. ಐದು ಗಂಟೆಯ ಫೋನು ಬಿಟ್ಟೆ, ರಿಜಿಸ್ಟರಿನಲ್ಲಿ ಮಾತ್ರ ಸಹಿ ಹಾಕಿದೆ. ದೇವರು ಕ್ಷಮಿಸಲಿ. ಹುಡುಗಿ ಮೊದಲ ಪರೀಕ್ಷೆಯಲ್ಲೇ ಪಾಸಾದಳು. ಗೆರೆ ಇಳಿಸಿದ್ದಕ್ಕೆ ಪಾಸಾದಳು ಎಂದು ಸ್ಟಾಫ್ ರೂಮಿನಲ್ಲಿ ಯಾರೋ ಅಂದರು. ಹಳೆಯ ಗೆರೆಗೂ ಎರಡು ಅಂಕ ಜಾಸ್ತಿ ಇತ್ತು, ಅಂಕಪಟ್ಟಿ ಅವರ ಮೂಗಿಗೆ ಹಿಡಿದು ತೋರಿಸಿದೆ. ಡಿಪ್ಲೊಮಾಕ್ಕೆ ಸೀಟೂ ಸಿಕ್ಕಿತು, ಅವಳು ಹಾಸ್ಟೆಲಿಗೆ ಹೋದಳು.

ಇನ್ನಾದರೂ ನಿದ್ದೆ ಮಾಡೋಣ ಎಂದುಕೊಂಡಿದ್ದೆ. ಮೊನ್ನೆ ಬೆಳಿಗ್ಗೆ ಐದಕ್ಕೆ ಸರಿಯಾಗಿ ನನ್ನ ಫೋನು ಹೊಡೆದುಕೊಂಡಿತು. ಹಿಂದುಗಡೆ ಮರಿಗಳ ಗಲಾಟೆ.

‘ಎದ್ದೀರೇನ್ರಿ ಮೇಡಂ? ಗುಂಡಿಗೆದು ತಿಳೀತು. ನೆಫ್ರಾನ್ ಬಾಯಿಪಾಠ ಐತಿ, ಅದೇನು ಮಾಡ್ತೈತಂತ ಹೇಳ್ಲೇ ಇಲ್ಲ ನೀವು.’

ನಾನು ಕಣ್ಣುಜ್ಜಿಕೊಂಡು ಎದ್ದು ಕೂತೆ. ಅಜ್ಜಿ ಮೊದಲೇ ಎಚ್ಚರಿಸಿದರು.

‘ಪರೀಕ್ಷೆಗೆ ಬರಲ್ಲ ಅಂತ ಹೇಳಬ್ಯಾಡ್ರಿ ಮತ್ತ. ನನಗ ಯಾವ ಪರೀಕ್ಷೆನೂ ಇಲ್ಲ.’