ನಾನು ಓದಿ ಹೇಳಿದ ಕಾಗದ

ಮೊನ್ನೆ ಯಳಂದೂರಿನ ಬಸ್ಸಿನಲ್ಲಿ ಕೂತಿದ್ದಾಗ ಮಾಂಬಳ್ಳಿಯ ಹತ್ತಿರ ಬೆಲ್ಲದ ಪಾಕ ಕುದಿಯುವ ವಾಸನೆ ಬಂತು. ಪಕ್ಕದವರು ಮೂಗರಳಿಸಿದರು. ನಾನು ಕಿಟಕಿ ಎಳೆದು ಮುಚ್ಚಿದೆ.

ಆ ವಾಸನೆಗೆ ನನಗೆ ನೆನಪಾಗುವವರು ಊರಿನ ನಮ್ಮ ಎದುರುಮನೆಯವರು, ನನ್ನ ಬಾಯಲ್ಲಿ ದೊಡ್ಡಪ್ಪ. ಅವರದು ಆಲೆಮನೆ. ಕುದಿಯುವ ಪಾಕವನ್ನು ಒಂದಿಷ್ಟು ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಇಳಿಸಿ ಎಂದು ಅವರು ಹೇಳುವವರೆಗೆ ಕೊಪ್ಪರಿಗೆ ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಹದ ನೋಡಲು ಬೇರೆ ಆಲೆಮನೆಯವರೂ ಅವರನ್ನೇ ಕರೆದೊಯ್ಯುತ್ತಿದ್ದರು. ಊರಲ್ಲಿ ಅವರಿಗಿದ್ದ ಮರ್ಯಾದೆಯೆಲ್ಲ ಆ ನಾಲಿಗೆಯಿಂದ ಬಂದದ್ದು.

ತೊಂಬತ್ತರ ದಶಕದಲ್ಲಿ ಅವರಿಗೆ ಬೆಂಗಳೂರಿನಲ್ಲಿ ಬೈಪಾಸ್ ಆಯಿತು. ಮನೆಗೆ ಬಂದ ದಿನ ಆಸ್ಪತ್ರೆಯ ಕಾಗದ ಓದಲು ನನ್ನನ್ನು ಕರೆದರು. ನಾನಾಗ ಬಿ.ಎಸ್ಸಿ. ಓದುತ್ತಿದ್ದೆ, ಬೀದಿಗೆಲ್ಲ ನಾನೊಬ್ಬಳೇ ಬುದ್ಧಿವಂತೆ ಎಂಬ ಕೊಬ್ಬು ಬೇರೆ. ಆಪರೇಷನ್ ನಡೆಯುವಾಗ ಗ್ಲೂಕೋಸ್, ಇನ್ಸುಲಿನ್, ಪೊಟ್ಯಾಸಿಯಂ ಕೊಟ್ಟಿದ್ದಾಗಿ ಅದರಲ್ಲಿ ಬರೆದಿತ್ತು. ಗ್ಲೂಕೋಸ್ ಎಲ್ಲರಿಗೂ ಏರಿಸುತ್ತಾರೆ ಎಂದು ಬಿಟ್ಟೆ. ಇನ್ಸುಲಿನ್ ಮೇಲೆ ಬೆರಳಿಟ್ಟು, ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ ಇದೆ ಎಂದೆ.

"ಡಾಕ್ಟ್ರು ನಂಗೇನೂ ಯೋಳ್ನಿಲ್ವಲ್ಲ ಕಣವ್ವ," ಎಂದರು.

ಕಾಯಿಲೆ ಇಲ್ಲದವರಿಗೆ ಇನ್ಸುಲಿನ್ ಯಾಕೆ ಕೊಡುತ್ತಾರೆ ಎಂದು ನಾನೇ ಜೋರು ಮಾಡಿದೆ.

ಅಂದೇ ದೊಡ್ಡಮ್ಮ ಬೆಲ್ಲದ ಡಬ್ಬಕ್ಕೆ ಬೀಗ ಹಾಕಿದರು. ಕೊಳ್ಳೇಗಾಲದಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗಲೆಲ್ಲ ಸಕ್ಕರೆ ಸರಿಯಾಗಿಯೇ ಇತ್ತು. ಪಥ್ಯದಿಂದಲೇ ಹಿಡಿತಕ್ಕೆ ಬಂದಿದೆ ಎಂದು ನಾವು ಬೀಗಿದೆವು. ಒಮ್ಮೆ ಅವರು ಕೊಪ್ಪರಿಗೆಯ ಮರೆಯಲ್ಲಿ ಬೆರಳು ನೆಕ್ಕುವುದನ್ನು ಕಂಡು ದೊಡ್ಡಮ್ಮನಿಗೆ ಚಾಡಿ ಹೇಳಿದವಳೂ ನಾನೇ. ಆಮೇಲೆ ಅವರನ್ನು ಆಲೆಮನೆಗೇ ಬಿಡಲಿಲ್ಲ. ಹದ ನೋಡಲು ಕರೆಯುವವರೂ ಬರುವುದು ಬಿಟ್ಟರು. ಜಗಲಿಯ ಮೇಲೆ ಕೂತು, ಪಾಕ ಸೀಯುತ್ತಿದೆ ಎಂದು ವಾಸನೆಯಲ್ಲೇ ತಿಳಿದು ಗೊಣಗುತ್ತಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ…

ಆರು ವರ್ಷದ ಮೇಲೆ ಹಾಸಿಗೆ ಹಿಡಿದರು. ನೋಡಲು ಹೋದಾಗ ನನ್ನ ಕೈ ಹಿಡಿದುಕೊಂಡರು.

"ಒಂದ್ ಚೂರ್ ಬೆಲ್ಲ ಬಾಯ್ಗಾಕವ್ವ. ನಿಮ್ ದೊಡ್ಡವ್ವಂಗೆ ಯೋಳ್ಬ್ಯಾಡ."

ಕೊಡಲಿಲ್ಲ. ಬುದ್ಧಿ ಹೇಳಿ ಎದ್ದು ಬಂದೆ. ಅದೇ ವಾರ ಹೋದರು.

ಮದುವೆಯಾದ ಮೇಲೆ ನಮ್ಮ ಮಾವನವರಿಗೂ ಬೈಪಾಸ್ ಆಯಿತು. ಅವರ ಕಾಗದದಲ್ಲೂ ಅವೇ ಮೂರು ಹೆಸರು. ಇವರಿಗೆ ಸಕ್ಕರೆ ಕಾಯಿಲೆ ಯಾವಾಗ ಬಂತು ಎಂದು ಗಾಬರಿಯಿಂದ ಕೇಳಿದೆ. ಡಾಕ್ಟರು ನಕ್ಕರು. ಕಾಯಿಲೆ ಇಲ್ಲದವರಿಗೂ ಕೊಡುವುದುಂಟು, ಆಪರೇಷನ್ ಹೊತ್ತಿನಲ್ಲಿ ಹೃದಯ ಸೊರಗದಿರಲಿ ಎಂದು, ಅದು ಅಷ್ಟು ಹೊತ್ತಿಗೆ ಮಾತ್ರ ಎಂದರು. ನನಗೆ ನನ್ನ ಮೇಲೇ ಅಸಹ್ಯವಾಯಿತು.

ಎಲ್ಲ ಹೇಳಿಬಿಡಬೇಕೆಂದು ಊರಿಗೆ ಹೋಗಿ ದೊಡ್ಡಮ್ಮನ ಮುಂದೆ ಕೂತೆ. ನಾನು ಬಾಯಿ ತೆರೆಯುವ ಮೊದಲೇ ಅವರು ನನ್ನ ತಲೆ ಸವರಿದರು.

"ನೀ ಅವತ್ತು ಓದಿ ಯೋಳಿದ್ಕೇ ಆರ್ ವರ್ಸ ಉಳ್ಕಂಡ್ರು ಕಣವ್ವ. ನಾನೂ ಕಲ್ ಮನ್ಸ್ ಮಾಡ್ಕಂಡು ಒಂದ್ ಚೂರೂ ಕೊಡ್ನಿಲ್ಲ."

ಹೂಂ ಎಂದೆ.

ಈಗ ದೊಡ್ಡಮ್ಮನೂ ಇಲ್ಲ. ದೊಡ್ಡಪ್ಪನಿಗೆ ಯಾವ ಸಕ್ಕರೆ ಕಾಯಿಲೆಯೂ ಇರಲಿಲ್ಲ ಎಂಬುದು ಊರಲ್ಲಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ.