ಒಡ್ಡಿನಾಚೆಯ ಗೂಟ

ಗಣಿ ತೋಡಲು ಬಂದ ಸರ್ಕಾರದ ಜೀಪನ್ನು ನಮ್ಮೂರಿನವರೆಲ್ಲ ಒಂದಾಗಿ ಓಡಿಸಿದರು ಎಂಬ ಕಥೆಯನ್ನು, ಚಿಕ್ಕೋಡಿಯಿಂದ ನಿಪ್ಪಾಣಿಯವರೆಗೆ ಯಾವ ಚಹಾದಂಗಡಿಯಲ್ಲಿ ಕೂತರೂ ನೀವು ಕೇಳಬಹುದು. ನಾನು ಅದನ್ನು ನಂಬುವುದಿಲ್ಲ. ನಂಬದಿರುವುದು ನನ್ನ ಚಾಳಿ ಎನ್ನಿ. ಕಾಲೇಜಿನ ಚರ್ಚಾಸ್ಪರ್ಧೆಗಳಿಗೆ ಹೋಗಿ ಹೋಗಿ, ಮನೆಯಲ್ಲಿ ಯಾರಾದರೂ ಸಾರಿಗೆ ಉಪ್ಪು ಕಡಿಮೆ ಎಂದರೂ ‘ಆಧಾರವೇನು?’ ಎಂದು ಕೇಳುವಷ್ಟು ಕೆಟ್ಟಿದ್ದೇನೆ. ಆದರೆ ಈ ವಿಷಯದಲ್ಲಿ ಆಧಾರ ಬೇರೆಯವರನ್ನು ಕೇಳಬೇಕಾಗಿಲ್ಲ. ನಾನೇ ಸಾಕ್ಷಿ.

ಮೊನ್ನೆ ರಜೆಗೆ ಊರಿಗೆ ಬಂದಾಗ ಹಿಂದಿನ ಓಣಿಯಲ್ಲಿ ಬೋರ್ ಹೊಡೆಯುತ್ತಿದ್ದರು. ಡೀಸೆಲ್ ಹೊಗೆಯೊಳಗೆ ಬೆರೆತ ಒದ್ದೆ ಕಲ್ಲುಪುಡಿಯ ವಾಸನೆ ಮೂಗಿಗೆ ಬಡಿದದ್ದೇ ನಾನು ಎದ್ದು ಕಿಟಕಿ ಮುಚ್ಚಿದೆ. ಅದೇ ದಿನದ ಪೇಪರಿನಲ್ಲಿ ಸುದ್ದಿಯೂ ಇತ್ತು: ಉತ್ತರದ ಜಿಲ್ಲೆಗಳಲ್ಲಿ ಖನಿಜ ಹುಡುಕುವವರಿಗೆ, ಗಣಿ ತೆರೆಯುವವರಿಗೆ ಸರ್ಕಾರ ಮತ್ತೆ ನೆರವು ಕೊಡುತ್ತದಂತೆ. ಅಪ್ಪ ಅದನ್ನು ಎರಡು ಸಲ ಓದಿ, ಪುಟ ಮಡಚಿ, ಗಾದಿಯ ಕೆಳಗೆ ತಳ್ಳಿದ. ಯಾರಿಗೂ ಕಾಣದಿರಲೆಂದೋ, ತನಗೇ ಕಾಣದಿರಲೆಂದೋ.

ಆ ಜೀಪಿನ ಕಥೆ ನಡೆದದ್ದು ಎಂಬತ್ತರ ದಶಕದ ಕೊನೆಗೆ. ನಾನಾಗ ಏಳನೇ ಇಯತ್ತೆ. ನಮ್ಮ ಹೊಲ ಊರ ಮೇಲಿನ ಕೆಂಪುಕಲ್ಲಿನ ಮಡ್ಡಿಯಲ್ಲಿತ್ತು. ಶೇಂಗಾ, ಒಂದಿಷ್ಟು ತಂಬಾಕು ಬೆಳೆಯುವ ಎತ್ತರದ ನೆಲ. ಬೇಸಿಗೆಯಲ್ಲಿ ಜೀಪು ಬಂತು, ಹಿಂದೆ ಕೊರೆಯುವ ಯಂತ್ರ. ಸಾಹೇಬರು ದಕ್ಷಿಣದ ಕಡೆಯವರು, ಮೃದು ಮಾತಿನವರು. ಶಾಲೆಯ ಅಂಗಳದಲ್ಲಿ ಎಲ್ಲರನ್ನೂ ಕೂಡಿಸಿದರು.

“ಗಾಬರಿಯಾಗ್ಬೇಡಿ. ಈ ಕಲ್ಲಲ್ಲಿ ಅಲ್ಯೂಮಿನಿಯಂ ಅದಿರು ಇದೆಯಾ ಅಂತ ನೋಡ್ತೀವಿ, ಅಷ್ಟೇ. ಸಿಕ್ಕರೆ ಗಣಿ ಮಾಡೋರಿಗೆ ಸರ್ಕಾರ ಸಹಾಯ ಮಾಡುತ್ತೆ. ರಸ್ತೆ ಬರುತ್ತೆ, ಕರೆಂಟು ಬರುತ್ತೆ.”

“ಅಂದರ ಜರ್ಮನ್ ಬೋಗುಣಿ ಮಾಡ್ತಾರಲ್ಲ, ಅದಾ?” ಎಂದ ಬೀರಪ್ಪ ಕಾಕಾ. ನಮ್ಮ ಹೊಲಕ್ಕೆ ಹತ್ತಿಯೇ, ಒಡ್ಡಿನಾಚೆ, ಅವನ ಹೊಲ. ಜೊತೆಗೆ ಒಂದು ಹಿಂಡು ಕುರಿ. ಅಪ್ಪನ ಕಡೆ ತಿರುಗಿ, “ಏನ್ ಅಣ್ಣಾ, ಇಷ್ಟ ದಿನಾ ನಾವು ಬೋಗುಣಿ ಮ್ಯಾಲೆ ಶೇಂಗಾ ಬಿತ್ತೀವೇನು?” ಎಂದ.

ಜನ ನಕ್ಕರು. ಅಪ್ಪನ ತಾಯಿ, ನಮ್ಮ ಆಯಿ, ನಗಲಿಲ್ಲ. “ರಸ್ತಾ ಬರ್ಲಿ, ಕರೆಂಟ್ ಬರ್ಲಿ. ನಾವ್ ಎಲ್ಲಿ ಹೋಗೂದ್ರಿ ಸಾಹೇಬ್ರ?”

“ಅದು ನಮ್ಮ ಇಲಾಖೆ ಅಲ್ಲಮ್ಮ.”



ಮರುದಿನದಿಂದ ಮಡ್ಡಿಯ ತುಂಬ ಗೂಟಗಳು. ತುದಿಗೆ ಕೆಂಪು ಬಣ್ಣ, ಮೈಮೇಲೆ ನಂಬರು. ಸಾಹೇಬರು ನಕ್ಷೆ ನೋಡಿ ಗೂಟ ಹೊಡೆಸಿ ಇನ್ನೊಂದೂರಿಗೆ ಹೋಗಿಬಿಡುತ್ತಿದ್ದರು. ಯಂತ್ರದವರು ಗೂಟ ಕಂಡಲ್ಲಿ ಕೊರೆಯುತ್ತಿದ್ದರು. ಗೂಟವೆಂದರೆ ಕಲ್ಲಿನ ಮಾದರಿ ತೆಗೆಯುವ ಜಾಗ, ಅದಕ್ಕಿಂತ ಹೆಚ್ಚೇನಲ್ಲ. ಇದು ಈಗ ಗೊತ್ತು. ಆಗ ಊರಿಗೆ ಊರೇ ತಿಳಿದುಕೊಂಡದ್ದು ಒಂದೇ: ಯಾರ ಹೊಲದಲ್ಲಿ ಗೂಟ ಬಿತ್ತೋ ಅವರ ಹೊಲ ಹೋಯಿತು.

ಹದಿನೇಳನೆಯದು ನಮ್ಮ ಹೊಲದಲ್ಲಿ, ಒಡ್ಡಿನ ಮಗ್ಗುಲಲ್ಲೇ ಬಿತ್ತು. ಬೀರಪ್ಪ ಕಾಕಾ ಆಗ ಕುರಿ ಮೇಯಿಸಲು ಹೊರಗೂರಿಗೆ ಹೋಗಿದ್ದ.

ಯಂತ್ರ ಹದಿಮೂರಕ್ಕೆ ಬಂದಾಗ ಅದರ ಗುಂಯ್‌ಗುಡುವಿಕೆ ಮನೆಯವರೆಗೂ ಕೇಳತೊಡಗಿತು. ಹದಿನಾಲ್ಕಕ್ಕೆ ಅಪ್ಪ ರೊಟ್ಟಿ ಅರ್ಧಕ್ಕೇ ಬಿಟ್ಟು ಏಳತೊಡಗಿದ. ಹದಿನೈದರ ದಿನ ಆಯಿ ಹಪ್ಪಳದ ಹಿಟ್ಟು ಕಲಸಿದವಳು, “ಯಾವ ಮನ್ಯಾಗ ಕುಂತ ತಿನ್ನೂದೋ ಇದನ್ನ” ಎಂದು ಹಾಗೆಯೇ ಮುಚ್ಚಿಟ್ಟಳು. ನಾನು ಶಾಲೆಯಿಂದ ಬರುವಾಗ ದೂರದಿಂದಲೇ ಯಂತ್ರ ಎಲ್ಲಿದೆಯೆಂದು ನೋಡುತ್ತಿದ್ದೆ. ಅದು ಒಂದು ಗೂಟ ಸರಿದಿದ್ದರೆ ನಮ್ಮದಕ್ಕೆ ಇನ್ನೆಷ್ಟು ಉಳಿದವೆಂದು ಬೆರಳಲ್ಲಿ ಎಣಿಸುತ್ತಿದ್ದೆ.

ಹದಿನಾರು ಮುಗಿದ ದಿನ, ನೆತ್ತಿ ಸುಡುವ ಮಧ್ಯಾಹ್ನ, ಯಂತ್ರದವರು ದೂರದ ಬೇವಿನ ನೆರಳಿಗೆ ಊಟಕ್ಕೆ ಹೋದರು. “ಬಾ ಅವ್ವಿ” ಎಂದು ಅಪ್ಪ ನನ್ನನ್ನು ಗೂಟದ ಹತ್ತಿರ ಕರೆದೊಯ್ದ.

“ನಂಬರ್ ಓದು.”

“ಹದಿನೇಳು.”

ಗೂಟಕ್ಕೆ ಕೈ ಹಾಕಿದವನು ತಡೆದ. ನಮ್ಮದು ಜೈನರ ಮನೆ. ಸೋಸದೆ ನೀರು ಕುಡಿಯದ, ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟದ ಮನುಷ್ಯ ನಮ್ಮಪ್ಪ. “ಬುಡದಾಗ ಇರಬಿ ಅದಾವೇನ್ ನೋಡು” ಎಂದ. ನಾನು ಮೊಣಕಾಲೂರಿ ನೋಡಿದೆ. ಒಂದು ಇರುವೆಯೂ ಇರಲಿಲ್ಲ. ಕಿತ್ತ. ಒಡ್ಡು ದಾಟಿ ಬೀರಪ್ಪ ಕಾಕಾನ ಹೊಲದೊಳಗೆ ಹತ್ತು ಹೆಜ್ಜೆ ನಡೆದು, ನೆಡುವ ಮುಂಚೆ ಮತ್ತೆ ಅದನ್ನೇ ಕೇಳಿದ. ಅಲ್ಲಿ ಸಾಲುಗಟ್ಟಿ ಹೊರಟಿದ್ದವು.

“ಅದಾವಪ್ಪಾ.”

“ಪಾಪ” ಎಂದು ಇನ್ನೂ ನಾಲ್ಕು ಹೆಜ್ಜೆ ಒಳಗೆ ಹೋಗಿ ನೆಟ್ಟ. ಅವನು ಕಲ್ಲಿನಿಂದ ಬಡಿಯುವಾಗ ಗೂಟ ಹಿಡಿದದ್ದು ನಾನು. ನಮ್ಮ ಹೊಲದಲ್ಲಿ ಉಳಿದ ತೂತಿಗೆ ಮಣ್ಣು ತುಂಬಿ ಅಂಗಾಲಿನಿಂದ ಒತ್ತಿದ್ದೂ ನಾನೇ. ಯಾರಿಗೂ ಹೇಳಬೇಡವೆಂದು ಅಪ್ಪ ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ.

ಎರಡು ದಿನ ಕೊರೆದರು. ಉದ್ದುದ್ದ ದುಂಡುಗಲ್ಲುಗಳು ನೆಲದೊಳಗಿಂದ ಬಂದು ಕಟ್ಟಿಗೆ ಪೆಟ್ಟಿಗೆ ಸೇರುವುದನ್ನು, ಊರಿಗೆ ಮರಳಿದ ಬೀರಪ್ಪ ಕಾಕಾ ನಿಂತು ನೋಡಿದ. “ಎಲುಬ ತಗದಂಗ ತಗಿಯಾಕತ್ತಾರ ನೋಡ ಅಣ್ಣಾ” ಎಂದ. ಬೋಗುಣಿಯ ಮಾತು ಅವನ ಬಾಯಲ್ಲಿ ಮತ್ತೆ ಬರಲಿಲ್ಲ. ಸರ್ಕಾರ ಸುಮ್ಮನೆ ಕಸಿದುಕೊಳ್ಳುವುದಕ್ಕಿಂತ ಮೊದಲೇ ಕೊಟ್ಟುಬಿಡು ಎಂದು ನಿಪ್ಪಾಣಿಯ ವ್ಯಾಪಾರಿಯೊಬ್ಬ ಹೆದರಿಸಿದ. ಕಾಕಾ ತಿಂಗಳೊಳಗೆ ಬಂದ ಬೆಲೆಗೆ ಅವನಿಗೇ ಹೊಲ ಮಾರಿ, ಕುರಿ ಹೊಡೆದುಕೊಂಡು, ಹೆಂಡತಿಯ ತವರಿಗೆ, ರಾಯಬಾಗದ ಕಡೆ ಹೋದ.

ಮಳೆಗಾಲಕ್ಕೆ ಮುಂಚೆ ಜೀಪು ತಾನಾಗಿ ಹೋಯಿತು. ಅದಿರು ತೀರ ತೆಳುವಾಗಿತ್ತಂತೆ. ಹೊರಟ ಜೀಪಿನ ಹಿಂದೆ ನಾವು ಹುಡುಗ ಹುಡುಗಿಯರು ಧೂಳಿನಲ್ಲಿ ಕೇಕೆ ಹಾಕುತ್ತ ಊರ ಅಗಸಿ ಬಾಗಿಲಿನವರೆಗೆ ಓಡಿದೆವು. ಊರು ಜೀಪನ್ನು ‘ಓಡಿಸಿದ್ದು’ ಅಷ್ಟೇ.

ಈ ಸುಳ್ಳನ್ನು ಚಹಾದಂಗಡಿಯವರಷ್ಟೇ ಹೇಳಿದ್ದರೆ ನಾನು ಬೀಗಬಹುದಿತ್ತು. ಗಣಿಗಾರಿಕೆಗೆ ಸರ್ಕಾರ ನೆರವು ಕೊಡಬೇಕೇ ಎಂಬ ಚರ್ಚೆಯಲ್ಲಿ ವಿರೋಧವಾಗಿ ಮಾತಾಡುತ್ತ, “ಮಾನ್ಯ ಅಧ್ಯಕ್ಷರೇ, ನಮ್ಮೂರು ಒಂದಾಗಿ ಎದ್ದು ನಿಂತಿತು” ಎಂದು ನಾನೂ ಹೇಳಿದ್ದೇನೆ. ಮೊದಲ ಬಹುಮಾನ ಬಂತು. ನೆರವು ಬೇಡವೆಂಬ ವಾದಕ್ಕೆ ಬೇಕಾದಷ್ಟು ನಿಜವಾದ ಕಾರಣಗಳಿದ್ದವು. ನಾನು ಆರಿಸಿಕೊಂಡದ್ದು ಚಪ್ಪಾಳೆ ಬೀಳುವ ಕಾರಣವನ್ನು.

ದಶಲಕ್ಷಣ ಪರ್ವ ಮುಗಿದ ಮೇಲೆ ನಮ್ಮ ಜೈನರಲ್ಲಿ ಒಬ್ಬರಿಗೊಬ್ಬರು ಕೈಮುಗಿದು ಕ್ಷಮೆ ಕೇಳುವ ಪದ್ಧತಿಯಿದೆ. ಗೊತ್ತಿದ್ದೋ ಗೊತ್ತಿಲ್ಲದೆಯೋ ಆದ ತಪ್ಪನ್ನು ಮನ್ನಿಸಿ ಎಂದರಾಯಿತು. ಯಾವ ತಪ್ಪೆಂದು ಬಿಡಿಸಿ ಹೇಳಬೇಕಾಗಿಲ್ಲ. ಈ ರಿಯಾಯಿತಿಯ ಮೇಲೆ ನನಗೆ ಬಹಳ ದಿನದಿಂದ ಅನುಮಾನ. ಅಪ್ಪ ಮಾತ್ರ ಪ್ರತಿವರ್ಷ ತಪ್ಪದೆ ಬಸ್ಸು ಹಿಡಿದು ಬೀರಪ್ಪ ಕಾಕಾನಲ್ಲಿಗೆ ಹೋಗುತ್ತಾನೆ. ಈ ಸಲ ನಾನೂ ಹೋದೆ.

ಕಾಕಾನ ಹತ್ತಿರ ಈಗ ಕುರಿಯಿಲ್ಲ. ಯಾರದೋ ಕಬ್ಬಿಗೆ ನೀರು ಹಾಯಿಸುತ್ತಾನೆ. ಚಪ್ಪರದ ಕೆಳಗೆ ನಮ್ಮನ್ನು ಕೂಡಿಸಿ ಚಹಾ ಕೊಟ್ಟ. ಅಪ್ಪ ಎದ್ದು ಕೈಮುಗಿದ.

“ಗೊತ್ತಿದ್ದೋ ಗೊತ್ತಿಲ್ಲದೋ ತಪ್ಪಾಗಿದ್ದರ ಕ್ಷಮಾ ಮಾಡಪಾ, ಬೀರಪ್ಪಾ.”

“ವರ್ಷಾ ಇದನ್ನ ಮಾಡ್ತೀ ನೋಡು. ಇರಬಿ ತುಳೀದ ಮನಷ್ಯಾ, ನೀ ಏನ್ ತಪ್ಪ ಮಾಡ್ತಿ?” ಕಾಕಾ ಅಪ್ಪನ ಎರಡೂ ಕೈ ಹಿಡಿದು ಕೂಡಿಸಿದ. “ನನ್ನ ಹಣೇಬರಾ ಅಣ್ಣಾ. ಅಷ್ಟ ದೊಡ್ಡ ಮಡ್ಡಿ ಬಿಟ್ಟ ಆ ಗೂಟ ನನ್ನ ಹೊಲದಾಗನ ಬೀಳಬೇಕಿತ್ತು.”

ಅಪ್ಪ ಬಸಿಯಲ್ಲಿದ್ದ ಚಹಾ ನೋಡುತ್ತ ಕೂತ. ಮೂರು ನಿಮಿಷ ಕೊಟ್ಟರೆ ಏನನ್ನಾದರೂ ಸಾಬೀತುಪಡಿಸುವವಳು ನಾನು. ಆದರೆ ಗೂಟದ ಮಾತು ಹೇಳಿದರೆ ಕಾಕಾ ಮೊದಲು ಅಪ್ಪನನ್ನು ನೋಡುತ್ತಾನೆ, ಆಮೇಲೆ ನನ್ನ ಕೈಗಳನ್ನು. ಆ ನೋಟಕ್ಕೆ ಹೆದರಿ ನಾನು ಬಿಸ್ಕೀಟು ತಿಂದೆ.

“ಮತ್ತ ಸರ್ವೇದಾವ್ರು ಬರ್ತಾರಂತಲ್ಲ” ಎಂದ ಕಾಕಾ, ನಮ್ಮನ್ನು ಬಸ್ಸಿಗೆ ಹತ್ತಿಸುವಾಗ. “ಹುಷಾರ್ ಇರ್ರಿ.”

ಜೀಪಿನ ಹೆದರಿಕೆ ನನ್ನನ್ನು ಬಿಟ್ಟು ವರ್ಷಗಳಾದವು. ಈಗಿನದು ಬೇರೆ. ಒಡ್ಡಿನಾಚೆಯ ಹೊಲವನ್ನು ಆ ವ್ಯಾಪಾರಿ ಎಂದೋ ಮಾರಿದ್ದಾನೆ. ಈಗ ಅದನ್ನು ಗಂಡ ತೀರಿಕೊಂಡ ಗಂಗವ್ವ ಒಬ್ಬಳೇ ಮಾಡುತ್ತಾಳೆ. ಮಧ್ಯಾಹ್ನ ನಮ್ಮ ಮನೆಯಿಂದಲೇ ಮಜ್ಜಿಗೆ ಒಯ್ಯುತ್ತಾಳೆ. ಬಸ್ಸು ಚಿಕ್ಕೋಡಿಯ ದಾರಿ ಹಿಡಿದಾಗ ಅಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದ. ಅವನ ತೋಳು ಮುಟ್ಟಿ ಕೇಳಿದೆ:

“ಅಪ್ಪಾ, ಈ ಸಲಾನೂ ಗೂಟ ನಮ್ಮ ಹೊಲದಾಗನ ಬಿದ್ದರ, ಅಲ್ಲೇ ಇರಾಕ ಬಿಡ್ತಿಯೇನು?”